ಯಾರದೋ ಹಣ

ಆಗಸ್ಟ್ 21, 2025, ಗುರುವಾರ

ನಿನ್ನೆ ಲೋಕಸಭೆ, ಇವತ್ತು ರಾಜ್ಯಸಭೆ, ಮಸೂದೆ ಪಾಸಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ಬಂದ್. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವೇ ಇಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ.

ಸ್ಟಾಫ್ ರೂಮಿನಲ್ಲಿ ಇದೇ ಮಾತು. 45 ಕೋಟಿ ಜನ, ವರ್ಷಕ್ಕೆ 20,000 ಕೋಟಿ ರೂಪಾಯಿ ನಷ್ಟ ಎಂದು ಸರಕಾರದ ಅಂದಾಜು. ಅಭ್ಯಾಸಬಲ, ಭಾಗಿಸಿದೆ. ತಲೆಗೆ 444 ರೂಪಾಯಿ. ಸರಾಸರಿ ಏನನ್ನೆಲ್ಲ ಮುಚ್ಚಿಡುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ನಾನು. ಆ 45 ಕೋಟಿಯೊಳಗೆ ನನ್ನ ತಮ್ಮನೂ ಇದ್ದಾನೆ.

ಸಾಲದ ಆ್ಯಪಿನವರು ಕಳೆದ ವಾರ ನನ್ನ ನಂಬರಿಗೇ ಫೋನ್ ಮಾಡಿದ್ದರು. ಹಿಂದಿಯಲ್ಲಿ, ಬಾಯಿಗೆ ಬಂದ ಹಾಗೆ. ಉಮ್ಮನಿಗೆ ಹೇಳಿಲ್ಲ.

ಆಗಸ್ಟ್ 22, ಶುಕ್ರವಾರ

ತಮ್ಮನ ಆ್ಯಪಿನಲ್ಲಿ ಪಂದ್ಯಗಳು ನಿಂತಿವೆಯಂತೆ. ಉಳಿದ ಹಣ ತೆಗೆದುಕೊಳ್ಳಬಹುದು ಎಂದು ಮೆಸೇಜ್ ಬಂದಿದೆ. ಅವನ ದನಿಯಲ್ಲಿ ಸಾವಿನ ಮನೆಯ ಸೂತಕ.

ಜುಮಾಕ್ಕೆ ಮುಂಚಿನ ಭಾಷಣ ಮೈಕಿನಲ್ಲಿ ಅಡುಗೆಮನೆಯವರೆಗೆ ಕೇಳಿಸಿತು. ಖತೀಬರು ಜೂಜಿನ ಬಗ್ಗೆಯೇ ಮಾತಾಡಿದರು. ಬಾ, ನಿನ್ನೊಡನೆ ಜೂಜಾಡುತ್ತೇನೆ ಎಂದು ಬರೀ ಬಾಯಲ್ಲಿ ಕರೆದವನೂ ಅದಕ್ಕೆ ಪರಿಹಾರವಾಗಿ ದಾನ ಕೊಡಬೇಕೆಂಬ ಹದೀಸ್ ಹೇಳಿದರು. ಆಡುವುದು ಇರಲಿ, ಕರೆಯುವುದಕ್ಕೇ. ಐಪಿಎಲ್ ಹೊತ್ತಿನಲ್ಲಿ ಟಿವಿಯಲ್ಲಿ ಬರುತ್ತಿದ್ದ ಜಾಹೀರಾತುಗಳನ್ನೆಲ್ಲ ನೆನೆದೆ. ಎಷ್ಟು ದೊಡ್ಡ ದೊಡ್ಡ ಮುಖಗಳು ಕರೆದಿದ್ದವು.

ಲಕ್ಕಿ ಸ್ಕೀಮುಗಳನ್ನೂ ಬಿಡಲಿಲ್ಲ. ತಿಂಗಳಿಗೆ ಸಾವಿರ ಕಟ್ಟಿಸಿಕೊಂಡು ಕಾರು, ಫ್ಲಾಟು, ಚಿನ್ನ ಎಂದು ಡ್ರಾ ಎತ್ತುವವರು ನಮ್ಮ ಜಿಲ್ಲೆಯಲ್ಲಿ ಊರೂರಿಗೆ ಇದ್ದಾರೆ. ಅವರಲ್ಲಿ ಹಾಜಿಗಳೂ ಇದ್ದಾರೆ ಎಂದರು ಖತೀಬರು. ಧೈರ್ಯದ ಮಾತು. ಅವರ ಸಂಬಳಕ್ಕೆ ವರಿ, ಅಂದರೆ ವಂತಿಗೆ, ಕೊಡುವವರಲ್ಲಿ ಅಂಥವರೂ ಇರಬಹುದು.

ಆಗಸ್ಟ್ 24, ಭಾನುವಾರ

ತಮ್ಮ ಊಟಕ್ಕೆ ಬಂದ. ಉಮ್ಮ ಪತ್ತಿರ್ ಮಾಡಿದ್ದರು. ಉಮ್ಮ ಮಲಗಿದ ಮೇಲೆ ಜಗಲಿಯಲ್ಲಿ ಕೂತು ವಾದ ಮಾಡಿದೆವು, ದನಿ ತಗ್ಗಿಸಿಕೊಂಡೇ.

ಅವನಿಗೆ ಕಾನೂನು ಬಾಯಿಪಾಠ. 1968ರಲ್ಲೇ ರಮ್ಮಿ ಹೆಚ್ಚಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು ಹೇಳಿದೆ. 2021ರಲ್ಲಿ ಕರ್ನಾಟಕ ಸರಕಾರ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟೇ ತೆಗೆದುಹಾಕಿತು. "ಯಾವ ಬೌಲರ್ ಯಾವ ಪಿಚ್ಚಿನಲ್ಲಿ ಹೇಗೆ ಅಂತ ರಾತ್ರಿಯಿಡೀ ಕೂತು ಲೆಕ್ಕ ಹಾಕ್ತೇನೆ ನಾನು. ಅದು ಮಟ್ಕಾದ ಹಾಗೆ ಉಂಟಾ?"

ಇಲ್ಲ, ಮಟ್ಕಾದ ಹಾಗಿಲ್ಲ. ಅವನ ತಲೆ ಚುರುಕು, ಅದು ನನಗೆ ಗೊತ್ತು. ಆದರೆ ನಮ್ಮ ಕಿತಾಬುಗಳು ಕೇಳುವ ಪ್ರಶ್ನೆ ಬೇರೆ. ಬುದ್ಧಿ ಎಷ್ಟು ಖರ್ಚಾಯಿತು ಎಂದಲ್ಲ, ಗೆದ್ದವನ ಕೈಗೆ ಬಂದದ್ದು ಯಾರ ಕೈಯಿಂದ ಎಂದು. ಇಬ್ಬರೂ ಹಣ ಇಟ್ಟು, ಒಬ್ಬನಿಗೆ ಬಂದದ್ದು ಇನ್ನೊಬ್ಬ ಕಳಕೊಂಡದ್ದೇ ಆದರೆ, ಆಟ ಎಷ್ಟೇ ಜಾಣತನದ್ದಾಗಲಿ, ಅದು ಮೈಸಿರ್, ಜೂಜು.

ಹೇಳಿದೆ. "ಅವರು ಮನಸ್ಸಿದ್ದೇ ಹಾಕಿದ್ದಲ್ಲವಾ?" ಎಂದ.

ಅದಕ್ಕೆ ಏನು ಹೇಳಬೇಕೋ ತಕ್ಷಣ ಹೊಳೆಯಲಿಲ್ಲ.

ಆಗಸ್ಟ್ 29, ರಾತ್ರಿ

ಮಗನ ಫೋನು ನೋಡಿದೆ. ಗೇಮಿನೊಳಗೆ ಡೈಮಂಡ್ ಕೊಂಡಿದ್ದಾನೆ. ನನ್ನ ಗಂಡ ಜುಬೈಲಿನಿಂದ ಈದ್‌ಗೆಂದು ಕಳಿಸಿದ ಹಣದಲ್ಲಿ. ಡೈಮಂಡ್ ಕೊಟ್ಟರೆ ಒಂದು ಚಕ್ರ ತಿರುಗುತ್ತದೆ, ನಿಂತಲ್ಲಿ ಏನೋ ಒಂದು ಸಿಗುತ್ತದೆ: ಬಂದೂಕಿನ ಬಣ್ಣ, ಅಂಗಿ, ಕುಣಿತ. ಬೇಕಾದದ್ದು ಸಿಗುವವರೆಗೆ ತಿರುಗಿಸುವುದು. ಏನು ಸಿಗುತ್ತದೆಂದು ಗೊತ್ತಿಲ್ಲದೆ ಬೆಲೆ ತೆರುವುದಕ್ಕೆ ಫಿಕ್ಹಿನಲ್ಲಿ ಗರರ್ ಅನ್ನುತ್ತಾರೆ, ಹೊಳೆಯೊಳಗಿನ ಮೀನನ್ನು ಹಿಡಿಯುವ ಮೊದಲೇ ಮಾರಿದ ಹಾಗೆ. ಬೆಲ್ಜಿಯಂ ದೇಶ 2018ರಲ್ಲೇ ಆಟಗಳೊಳಗೆ ಹೀಗೆ ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಜೂಜು ಎಂದಿತ್ತು. ಕಿತಾಬು ಒಂದು ದಾರಿಯಿಂದ ಬಂದು, ಆ ಸರಕಾರ ಇನ್ನೊಂದು ದಾರಿಯಿಂದ ಬಂದು ಒಂದೇ ಕಡೆ ನಿಂತಿವೆ.

ಅವನಿಗೆ ಹದಿಮೂರು. ಬೈದರೆ ಅಡಗಿಸಿ ಆಡುತ್ತಾನೆ. ನಾಳೆ ಮಾತಾಡುವುದು.

ಸೆಪ್ಟೆಂಬರ್ 5, ಶುಕ್ರವಾರ. ಮೀಲಾದ್

ಬೆಳಿಗ್ಗೆ ಮದ್ರಸದ ಮಕ್ಕಳ ಮೆರವಣಿಗೆ, ದಫ್, ಹಸಿರು ಬಾವುಟ, ರಸ್ತೆಯುದ್ದಕ್ಕೂ ಶರಬತ್ತು. ಮಳೆ ಬಿಟ್ಟುಕೊಟ್ಟಿತು, ಅಲ್‌ಹಮ್ದುಲಿಲ್ಲಾಹ್.

ಸಂಜೆ ಮಗ ಕೇಳಿದ: "ಉಮ್ಮಾ, ಎಲ್ಲ ಆಟವೂ ಹರಾಮಾ?" ಡೈಮಂಡ್ ವಿಷಯ ಮಾತಾಡಿದಂದಿನಿಂದ ಈ ಪ್ರಶ್ನೆ ಅವನೊಳಗೆ ಕುದಿಯುತ್ತಿತ್ತು ಅಂತ ಕಾಣುತ್ತದೆ. ಪ್ರವಾದಿಯವರು ಆಯಿಶಾರೊಂದಿಗೆ ಓಟದ ಪಂದ್ಯ ಓಡಿದ್ದನ್ನು ಹೇಳಿದೆ. ಮೊದಲ ಸಲ ಆಯಿಶಾ ಗೆದ್ದರು. ಕೆಲ ಕಾಲದ ಮೇಲೆ ಮತ್ತೆ ಓಡಿದಾಗ ಪ್ರವಾದಿ ಗೆದ್ದರು, ಅದಕ್ಕಿದು ಸರಿಹೋಯಿತು ಎಂದರು. ಅಬಿಸೀನಿಯದವರು ಮಸೀದಿಯಲ್ಲೇ ಈಟಿ ಹಿಡಿದು ಆಡುತ್ತಿದ್ದುದು, ಪ್ರವಾದಿಯವರ ಮರೆಯಲ್ಲಿ ನಿಂತು ಆಯಿಶಾ ಮನದಣಿಯೆ ನೋಡಿದ್ದು. ಮಗನ ಕಣ್ಣು ಅರಳಿತು. ಮಸೀದಿಯಲ್ಲಾ, ಮಸೀದಿಯೊಳಗೇನಾ ಎಂದು ಕೇಳಿಯೇ ಕೇಳಿದ.

ಈ ಕಥೆಗಳನ್ನು ನಾವು ಮಕ್ಕಳಿಗೆ ಮೊದಲು ಹೇಳುವುದಿಲ್ಲ. ಮೊದಲು ಬೇಡ ಅನ್ನುವುದನ್ನೇ ಹೇಳುತ್ತೇವೆ. ಅದು ನನಗೆ ಸರಿ ಕಾಣುವುದಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಹೊಸ ಕಾಯ್ದೆಯ ವಿರುದ್ಧ ಬೇರೆ ಬೇರೆ ಹೈಕೋರ್ಟುಗಳಲ್ಲಿ ಹಾಕಿದ ಕೇಸುಗಳನ್ನು ಸುಪ್ರೀಂ ಕೋರ್ಟು ತನ್ನಲ್ಲಿಗೆ ತರಿಸಿಕೊಂಡಿದೆ. ತಮ್ಮ ಫೋನ್ ಮಾಡಿ ಹೇಳಿದ, ಒಳ್ಳೆ ಸುದ್ದಿಯ ಹಾಗೆ.

ಉಮ್ಮ ಪಕ್ಕದಲ್ಲೇ ಇದ್ದರು. ಸ್ಪೀಕರು ಹಾಕಿತ್ತು. "ಯಾವ ಕೇಸು? ನಿನಗೆಂತ ಕೋರ್ಟು?" ಒಂದೊಂದಾಗಿ ಬಿಚ್ಚಿಕೊಂಡಿತು. ಆಮೇಲೆ ಉಮ್ಮ ಒಂದೇ ಪ್ರಶ್ನೆ ಕೇಳಿದರು: "ನನ್ನ ಕಣ್ಣಿನ ಹಣ?"

ಜೂನಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದ್ದು ಅವನೇ. ಐಪಿಎಲ್‌ನಲ್ಲಿ ದೊಡ್ಡದೊಂದು ಗೆದ್ದಿದ್ದ, ಶೇಕಡಾ 30 ತೆರಿಗೆ ಕಳೆದು ಬ್ಯಾಂಕಿಗೆ ಬಂದಿತ್ತು. ಅಂಗಡಿಯ ಬೋನಸ್ ಎಂದಿದ್ದ. ನಾನು ಸಂಶಯಪಟ್ಟಿದ್ದೆ, ಕೇಳಿರಲಿಲ್ಲ. ಉಮ್ಮ ಅವತ್ತಿನಿಂದ ಕುರ್‌ಆನ್‌ನ ಅಕ್ಷರ ಎಷ್ಟು ಕಪ್ಪು, ಎಷ್ಟು ಕಪ್ಪು ಎಂದು ಸಂತೋಷಪಡುತ್ತಿದ್ದರು.

ಸೆಪ್ಟೆಂಬರ್ 10

ಉಮ್ಮ ಮಾತಾಡುತ್ತಿಲ್ಲ. ಸಿಟ್ಟಲ್ಲ, ಇನ್ನೇನೋ.

ಮಗ್ರಿಬಿನ ನಂತರ ಹತ್ತಿರ ಕರೆದು ಕೂರಿಸಿಕೊಂಡರು. "ಮೂವತ್ತು ವರ್ಷ ಬೀಡಿ ಕಟ್ಟಿದೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಬ್ರಾಂಚಿಗೆ ಕೊಟ್ಟು ನಿನ್ನನ್ನು ಬಿಎಡ್ ಮಾಡಿಸಿದೆ. ಅದನ್ನು ಸೇದಿದವರ ಎದೆ ಎಂತಾಯಿತೋ. ಅವರ ಮುಖ ನಾನು ನೋಡಿದೆನಾ?"

ಬೀಡಿಗೂ ಜೂಜಿಗೂ ಹೋಲಿಕೆ ಇಲ್ಲ, ನೀವು ದುಡಿದು ಕೂಲಿ ಪಡೆದಿರಿ ಎಂದೆ. ತಂಬಾಕಿನ ಬಗ್ಗೆ ಆಲಿಮರಲ್ಲೇ ಒಮ್ಮತ ಇಲ್ಲ. ಕೆಲವರು ಹರಾಂ ಎನ್ನುತ್ತಾರೆ, ಕೆಲವರು ಮಕ್ರೂಹ್, ನಿಷಿದ್ಧವಲ್ಲದಿದ್ದರೂ ಅಪ್ರಿಯ, ಎನ್ನುತ್ತಾರೆ. ಉಮ್ಮ ತಲೆಯಾಡಿಸಿದರು. ಒಪ್ಪಿ ಆಡಿಸಿದ್ದಲ್ಲ.

ಈ ಜಿಲ್ಲೆಯಲ್ಲಿ ಎಷ್ಟು ಹೆಣ್ಣುಮಕ್ಕಳ ಓದು ಆ ಎಲೆಯಿಂದ ಬಂದಿದೆ. ನನ್ನ ಇಡೀ ಬದುಕು.

ಸೆಪ್ಟೆಂಬರ್ 14, ಭಾನುವಾರ, ರಾತ್ರಿ 11

ದುಬೈಯಲ್ಲಿ ಭಾರತ-ಪಾಕಿಸ್ತಾನ. ಭಾರತದ ಅಂಗಿಯ ಮೇಲೆ ಆ್ಯಪ್ ಕಂಪನಿಯ ಹೆಸರಿಲ್ಲ. ಕಾಯ್ದೆ ಟಿವಿಯ ಪರದೆಯಲ್ಲೇ ಕಂಡಿತು.

ತಮ್ಮ ನಮ್ಮಲ್ಲೇ ಕೂತು ನೋಡಿದ. ಹಣ ಹಾಕದೆ ಪಂದ್ಯ ನೋಡಲು ಅವನಿಗೆ ಬರುತ್ತಿಲ್ಲ. ಮೊದಲ ಓವರುಗಳಲ್ಲಿ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ವಿಕೆಟ್ ಬಿದ್ದರೂ ಖುಷಿಯಿಲ್ಲ. ಚಿಕ್ಕವನಿದ್ದಾಗ ರೇಡಿಯೊ ಕಿವಿಗೊತ್ತಿಕೊಂಡು ಕುಣಿಯುತ್ತಿದ್ದ ಹುಡುಗ. ಅವನಿಂದ ಆಟವನ್ನೇ ಕಸಿದುಕೊಂಡಿದ್ದಾರೆ.

ಸೆಪ್ಟೆಂಬರ್ 19

ಕಾಲೇಜಿನ ಚೆಸ್ ತಂಡಕ್ಕೆ ಒಬ್ಬ ಹುಡುಗಿಯ ಹೆಸರು ಕೊಟ್ಟೆ. ವಿಜಯಪುರದಿಂದ ಬಂದಿರುವ ಸಹೋದ್ಯೋಗಿ, ನಮ್ಮವರೇ, ಬೇಡವಾಗಿತ್ತು ಮೇಡಂ ಎಂದರು. ಘಟ್ಟದ ಮೇಲೆ ಹನಫಿ ಪಂಥ, ಘಟ್ಟದ ಕೆಳಗೆ ಶಾಫಿ. ಚದುರಂಗ ಇಮಾಂ ಶಾಫಿಯವರ ಪ್ರಕಾರ ಮಕ್ರೂಹ್, ಹರಾಂ ಅಲ್ಲ. ಪಣ ಇರಬಾರದು, ನಮಾಜು ತಪ್ಪಬಾರದು. ಹನಫಿಗಳಲ್ಲಿ ಕಟ್ಟುನಿಟ್ಟು ಹೆಚ್ಚು. ಇಬ್ಬರೂ ನಗುತ್ತಲೇ ಮಾತು ಮುಗಿಸಿದೆವು. ಹುಡುಗಿಗೆ ನಾನು ಹೋಗು ಎಂದೆ. ಅವಳು ಚೆನ್ನಾಗಿ ಆಡುತ್ತಾಳೆ.

ಸೆಪ್ಟೆಂಬರ್ 21, ನಿದ್ದೆ ಬಾರದೆ

ಫತ್ವಾಗಳನ್ನು ಓದುತ್ತಾ ಕೂತೆ. ಇಂಡೊನೇಷ್ಯಾದ ಅಚೆ ಪ್ರಾಂತದ ಉಲಮಾ ಮಂಡಳಿ 2019ರಲ್ಲಿ ಪಬ್‌ಜಿಯನ್ನು ಹರಾಂ ಎಂದಿತು. 2020ರ ಲಾಕ್‌ಡೌನಿನಲ್ಲಿ ಅದೇ ಆಟದೊಳಗೆ ವಿಗ್ರಹವೊಂದರ ಮುಂದೆ ನಮಿಸಿ ಶಕ್ತಿ ಪಡೆಯುವ ಭಾಗ ಬಂದಾಗ ಅರಬ್ ದೇಶಗಳಲ್ಲಿ ಗಲಾಟೆಯಾಗಿ ಕಂಪನಿ ತೆಗೆದುಹಾಕಿತು. ಹಿಂಸೆ, ಕಾಲಹರಣ, ಶಿರ್ಕ್ ಎಂದು ಒಂದೊಂದು ಕಡೆ ಒಂದೊಂದು ಕಾರಣ. ಹಣದ ಮಾತು ಬಂದಲ್ಲಿ ಮಾತ್ರ ಎಲ್ಲರದೂ ಒಂದೇ ದನಿ.

ಆಮೇಲೆ ಮೈಸಿರ್ ಅಂದರೆ ಏನಿತ್ತು ಎಂದು ಹುಡುಕಿದೆ. ಹತ್ತು ಬಾಣ. ಏಳಕ್ಕೆ ಪಾಲು, ಮೂರು ಖಾಲಿ. ಒಂಟೆ ಕಡಿದು ಬಾಣ ಎತ್ತುವುದು. ಖಾಲಿ ಬಾಣ ಬಂದವನು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚುತ್ತಿದ್ದರು, ಅದೇ ಅವರ ದೊಡ್ಡಸ್ತಿಕೆ.

ಇಲ್ಲಿಗೆ ಬಂದು ನಿಂತೆ. ಬರಗಾಲದಲ್ಲಿ ಹಸಿದವರ ಹೊಟ್ಟೆಗೆ ಹೋದ ಮಾಂಸ. ಕುರ್‌ಆನ್ ಎರಡನೆಯ ಅಧ್ಯಾಯದಲ್ಲಿ ಜೂಜಿನಲ್ಲಿ ಜನರಿಗೆ ಒಂದಿಷ್ಟು ಪ್ರಯೋಜನವೂ ಇದೆ, ಪಾಪ ಅದಕ್ಕಿಂತ ದೊಡ್ಡದು ಎಂಬ ಅರ್ಥದ ಮಾತಿದೆ. ಆ ಪ್ರಯೋಜನ ಯಾವುದಿರಬಹುದೆಂದು ನನಗೆ ತಿಳಿಯುತ್ತಿರಲಿಲ್ಲ. ಅನ್ನ ಕೊಟ್ಟದ್ದೂ ಪ್ರಯೋಜನವೇ. ಕಣ್ಣು ಕೊಟ್ಟದ್ದೂ. ಅದನ್ನು ಅಲ್ಲಗಳೆಯದೆಯೇ ನಿಷೇಧ ಬಂತು, ಐದನೆಯ ಅಧ್ಯಾಯದಲ್ಲಿ. ನಿಮ್ಮ ನಡುವೆ ದ್ವೇಷ ಹುಟ್ಟಿಸುತ್ತದೆ, ಅಲ್ಲಾಹನ ನೆನಪಿನಿಂದ, ನಮಾಜಿನಿಂದ ದೂರ ಮಾಡುತ್ತದೆ ಎಂಬ ಕಾರಣ ಕೊಟ್ಟು.

ಆದರೆ ಆ ಅರಬರು ಎದುರುಬದುರು ಕೂತಿದ್ದರು. ಒಂಟೆಯ ಬೆಲೆ ಯಾರು ತೆತ್ತನೆಂದು ಎಲ್ಲರಿಗೂ ಗೊತ್ತಿತ್ತು. ಅವನ ಮುಖದಲ್ಲಿ ದ್ವೇಷ ಕಂಡರೆ ಕಾಣುತ್ತಿತ್ತು. ತಮ್ಮನ ಆ್ಯಪಿನಲ್ಲಿ ಸೋತವನು ಯಾರು? ಒಂದು ಅಡ್ಡಹೆಸರು, ಒಂದು ಗೊಂಬೆ ಚಿತ್ರ. ರಾಯಚೂರಿನ ಹಮಾಲಿಯೋ, ಪಟ್ನಾದ ವಿದ್ಯಾರ್ಥಿಯೋ. ದ್ವೇಷಿಸಲಿಕ್ಕೂ ಯಾರೂ ಇಲ್ಲ. ಕನಿಕರಪಡಲಿಕ್ಕೂ ಇಲ್ಲ. ಇದು ಹಳೆಯದಕ್ಕಿಂತ ಕೆಟ್ಟದ್ದು ಎಂದು ನನಗೆ ಅನಿಸುತ್ತದೆ. ಕಿತಾಬಿನಲ್ಲಿ ಹೀಗೆ ಇಲ್ಲ, ಇದು ನನ್ನ ಮನಸ್ಸಿನ ಮಾತು.

ಅಕ್ಟೋಬರ್ 3, ಶುಕ್ರವಾರ

ಗೆದ್ದ ಹಣವನ್ನು ಏನು ಮಾಡಬೇಕೆಂದು ಉಸ್ತಾದರಿಗೆ ವಾಟ್ಸಾಪಿನಲ್ಲಿ ಬರೆದು ಕೇಳಿದ್ದೆ, ನಮ್ಮ ಮನೆಯದೆಂದು ಮುಚ್ಚಿಡದೆ. ವಾಯ್ಸ್ ಮೆಸೇಜ್ ಬಂತು, ಉದ್ದದ್ದು, ಮೆತ್ತಗಿನ ದನಿ.

ತೌಬಾ ಮಾಡಬೇಕು. ಸೋತವನು ಯಾರೆಂದು ಗೊತ್ತಿದ್ದರೆ ಅವನ ಹಣ ಅವನಿಗೆ ಮರಳಿಸಬೇಕು. ಗೊತ್ತಾಗುವ ದಾರಿಯೇ ಇಲ್ಲದಿದ್ದರೆ ಬಡವರಿಗೋ ಸಾರ್ವಜನಿಕ ಕೆಲಸಕ್ಕೋ ಕೊಟ್ಟು ಕೈ ತೊಳೆದುಕೊಳ್ಳಬೇಕು. ಅದನ್ನು ಸದಖ ಎಂದು ಎಣಿಸಬಾರದು, ಪುಣ್ಯದ ನಿಯ್ಯತ್ ಇಟ್ಟುಕೊಳ್ಳಬಾರದು. ತನ್ನದಲ್ಲದ್ದನ್ನು ಕೊಟ್ಟರೆ ಪುಣ್ಯ ಎಲ್ಲಿಂದ?

ಉಮ್ಮನ ಕಣ್ಣಿನ ಬಗ್ಗೆ: "ನಿಮ್ಮ ಉಮ್ಮನಿಗೆ ಗೊತ್ತಿರಲಿಲ್ಲ. ಅವರ ಮೇಲೆ ಗುನಾಹ್ ಇಲ್ಲ ಅಂತ ಹೇಳಿ. ಉಳಿದದ್ದು ನಾನು ಕಿತಾಬ್ ನೋಡಿ ಹೇಳ್ತೇನೆ."

ಉಮ್ಮ ಕೇಳಿಸಿಕೊಂಡರು. ಇನ್ನೊಮ್ಮೆ ಹಾಕು ಎಂದರು.

ಅಕ್ಟೋಬರ್ 12

ಕ್ಲಬ್ಬಿನ ಹುಡುಗರು ಬಂದಿದ್ದರು, ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಕ್ಕೆ ವಂತಿಗೆಗೆ. ತಂಡಕ್ಕೆ ಇಷ್ಟು ಪ್ರವೇಶ ಶುಲ್ಕ, ಗೆದ್ದವರಿಗೆ ನಗದು ಮತ್ತು ಟ್ರೋಫಿ. ಆ ನಗದು ಎಲ್ಲಿಂದ ಎಂದು ಕೇಳಿದೆ. ಪ್ರವೇಶ ಶುಲ್ಕದಿಂದಲೇ. ಹಾಗಾದರೆ ಇದೂ ಅದೇ ಅಲ್ಲವೇ? ಹುಡುಗರು ಮುಖ ಮುಖ ನೋಡಿಕೊಂಡರು. ವರ್ಷಗಳಿಂದ ಮಸೀದಿಯ ಪಕ್ಕದ ಗದ್ದೆಯಲ್ಲೇ ಆಡಿಸುತ್ತಾ ಬಂದದ್ದು, ಬಹುಮಾನ ಕೊಡಲು ಜಮಾಅತಿನ ಅಧ್ಯಕ್ಷರೇ ಬರುವುದು.

ಉಸ್ತಾದರನ್ನು ಕೇಳಿ ಬಂದರು ಸಂಜೆಗೆ. ಶುಲ್ಕ ಚೆಂಡಿಗೆ, ಪೆಂಡಾಲಿಗೆ, ಊಟಕ್ಕೆ ಖರ್ಚಾಗಲಿ. ಬಹುಮಾನ ಆಡದೇ ಇರುವ ಹೊರಗಿನವರೊಬ್ಬರು ಕೊಡಲಿ, ಆಗ ಜೂಜಾಗುವುದಿಲ್ಲ ಎಂದರಂತೆ. ಗಲ್ಫಿನಲ್ಲಿರುವ ಇವರಿಗೆ ಫೋನ್ ಮಾಡಿದೆ. ಎರಡನೆಯ ಬಹುಮಾನ ನಮ್ಮದು.

ಅಕ್ಟೋಬರ್ 19

ತಮ್ಮ ಬ್ಯಾಂಕಿನ ಸ್ಟೇಟ್‌ಮೆಂಟ್ ತಂದ. ತಾನಾಗಿ. ಇಬ್ಬರೂ ಕೂತು ಗೆರೆ ಎಳೆದು ಕೂಡಿಸಿದೆವು. ಹಾಕಿದ್ದು ಒಂದು ಕಡೆ, ಬಂದದ್ದು ಒಂದು ಕಡೆ. ಆ ದೊಡ್ಡ ಗೆಲುವನ್ನು ಸೇರಿಸಿದರೂ ಅವನು ನಷ್ಟದಲ್ಲೇ ಇದ್ದಾನೆ. 2023ರ ಅಕ್ಟೋಬರಿನ ನಂತರ ಹಾಕಿದ ಪ್ರತಿ ನೂರರಲ್ಲಿ 21 ರೂಪಾಯಿ 88 ಪೈಸೆ ಜಿಎಸ್‌ಟಿಯ ಲೆಕ್ಕ. ಅದರ ಮೇಲೆ ಕಂಪನಿಯ ಪಾಲು, ಅದರ ಮೇಲೆ ಗೆಲುವಿನ ತೆರಿಗೆ.

ಸುಮ್ಮನೆ ಕೂತಿದ್ದವನು ಕೇಳಿದ: "ನಾನೂ ಸೋತವನೇ ಅಲ್ಲವಾ? ನನ್ನ ಹಣ ಯಾರ ಹತ್ತಿರ ಉಂಟು? ಅವರು ಯಾರಿಗೆ ಕೊಡ್ತಾರೆ?"

ಗೊತ್ತಿಲ್ಲ. ಉಸ್ತಾದರಿಗೂ ಇದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಒಂದು ಹೊತ್ತಿಗೆ ಅವನ ಮೇಲೆ ತುಂಬಾ ಮರುಕವಾಯಿತು. ಇನ್ನೊಂದು ಹೊತ್ತಿಗೆ, ಇದು ತಪ್ಪಿಸಿಕೊಳ್ಳುವ ಮಾತು ಅನಿಸಿತು.

ನವೆಂಬರ್ 3, ಸೋಮವಾರ

ಸೆಕೆಂಡ್ ಪಿಯುಗೆ ಸಂಭವನೀಯತೆ ಶುರು. ದಾಳ, ಇಸ್ಪೀಟು, ಮತ್ತೆ ದಾಳ. ನರ್ದ್ ಎಂಬ ದಾಳದ ಆಟ ಆಡುವವನು ಹಂದಿಯ ರಕ್ತಮಾಂಸದಲ್ಲಿ ಕೈ ಅದ್ದಿದವನ ಹಾಗೆ ಎಂಬ ಹದೀಸ್ ಮದ್ರಸದಲ್ಲಿ ಕಲಿತ ಹುಡುಗಿಯರು ಮುಂದಿನ ಬೆಂಚಿನಲ್ಲೇ ಕೂತಿದ್ದಾರೆ. ಈ ಶಾಸ್ತ್ರ ಹುಟ್ಟಿದ್ದೇ ಜೂಜುಕೋರನೊಬ್ಬ ಕೇಳಿದ ಪ್ರಶ್ನೆಯಿಂದ, 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಕಾಗದಗಳಲ್ಲಿ.

ಈ ಸಲ ದಾಳ ಬಿಟ್ಟು ಬೇರೆ ಲೆಕ್ಕ ಕೊಟ್ಟೆ. ಇಬ್ಬರು ತಲಾ ನೂರು ಹಾಕುತ್ತಾರೆ. ಗೆದ್ದವನಿಗೆ 175. ಇಬ್ಬರೂ ಸಮಬಲರು. ಪ್ರತಿ ಆಟಕ್ಕೆ ಒಬ್ಬನ ನಿರೀಕ್ಷಿತ ನಷ್ಟ ಎಷ್ಟು? ಹನ್ನೆರಡೂವರೆ ರೂಪಾಯಿ. ಹಿಂದಿನ ಬೆಂಚಿನ ಹುಡುಗ ಬೋರ್ಡನ್ನು ನೋಡುತ್ತಾ ಕೂತುಬಿಟ್ಟ. ಪೀರಿಯಡ್ ಮುಗಿದ ಮೇಲೆ ಬಂದ. ಅವನ ಅಣ್ಣ ಇದರಲ್ಲೇ ಬಿದ್ದು ಸಾಲದ ಆ್ಯಪುಗಳಿಂದ ತಲೆತಪ್ಪಿಸಿಕೊಂಡು ಓಡಾಡುತ್ತಿದ್ದಾನೆ. ಓದು ಬಿಟ್ಟು ಬೇಕರಿ ಕೆಲಸಕ್ಕೆ ಹೋಗುತ್ತಿದ್ದಾನೆ. ಅವರು ಹಿಂದೂಗಳು, ಬಂಟ್ವಾಳದ ಕಡೆಯವರು. ಮನೆಯಲ್ಲಿ ಹೇಳಬೇಡಿ ಮೇಡಂ ಎಂದ.

ನವೆಂಬರ್ 9, ಭಾನುವಾರ

ಉಸ್ತಾದರು ಕಿತಾಬ್ ನೋಡಿ ಹೇಳಿದರು. ಇಮಾಂ ಗಝಾಲಿಯವರ ಮಾತನ್ನು ಇಮಾಂ ನವವಿ ಎತ್ತಿ ಹೇಳಿರುವುದು: ಒಡೆಯ ಯಾರೆಂದು ತಿಳಿಯದ ಹಣವನ್ನು ಸೇತುವೆ, ಮಸೀದಿಯಂಥ ಎಲ್ಲರ ಉಪಯೋಗಕ್ಕೆ ಕೊಡಬೇಕು, ಇಲ್ಲವೇ ಬಡವರಿಗೆ. ಆ ಹಣ ಕೈಯಲ್ಲಿರುವವನೇ ಬಡವನಾಗಿದ್ದರೆ ತನ್ನ ಮೇಲೂ ತನ್ನ ಮನೆಯವರ ಮೇಲೂ ಅಗತ್ಯಕ್ಕೆ ತಕ್ಕಷ್ಟು ಖರ್ಚು ಮಾಡಬಹುದು.

ತಮ್ಮ ಎದ್ದೇ ನಿಂತ. "ಹಾಗಾದರೆ ಉಮ್ಮನ ಕಣ್ಣು ಸರಿಯಾಯಿತಲ್ಲ? ನಾವೆಂತ ಶ್ರೀಮಂತರಾ?" ಅವನ ಕಣ್ಣಲ್ಲಿ ನೀರು. ಎಷ್ಟು ದಿನದಿಂದ ಹೊತ್ತಿದ್ದನೋ ಆ ಭಾರವನ್ನು.

ನನಗೂ ಹಗುರಾಯಿತು. ಒಂಬೈನೂರು ವರ್ಷ ಹಿಂದೆ ಕೂತು ಇಷ್ಟು ಮೆತ್ತಗೆ ಯೋಚಿಸಿದ್ದರಲ್ಲ.

ಉಮ್ಮ ಏನೂ ಹೇಳದೆ ಒಳಗೆ ಹೋದರು.

ನವೆಂಬರ್ 16

ಉಮ್ಮ ಇವತ್ತು ಬಾಯಿ ಬಿಟ್ಟರು. "ಉಸ್ತಾದರು ಹೇಳಿದ್ದು ಫಕೀರರಿಗೆ. ನನಗೆ ಬೀಡಿಯ ಪಿಎಫ್ ಪೆನ್ಶನ್ ಬರ್ತದೆ. ಪಾಸ್‌ಬುಕ್ಕಲ್ಲಿ ಕೂಡಿಟ್ಟದ್ದು ಉಂಟು. ನಾನು ಫಕೀರಳಲ್ಲ."

ಎಡಗಣ್ಣಿನ ಆಪರೇಶನ್ನಿಗೆ ಅದೇ ಹಣ. ಬಲಗಣ್ಣಿಗೆ ಆದಷ್ಟು ಹಣವನ್ನು ತಮ್ಮ ತನ್ನ ಸಂಬಳದಿಂದ ಸ್ವಲ್ಪ ಸ್ವಲ್ಪವಾಗಿ ಹೊರಗೆ ಕೊಡಬೇಕು, ಹೆಸರು ಹೇಳದೆ. ಸಾಲದ ಆ್ಯಪಿನ ಬಾಕಿ ಮೊದಲು ತೀರಲಿ, ಬಡ್ಡಿ ಬೆಳೆಯುವುದು ನಿಲ್ಲಲಿ ಎಂದು ನಾನು ಸೇರಿಸಿದೆ. ಅದಕ್ಕೆ ನನ್ನ ಕೈಯಿಂದ ಕೊಟ್ಟೆ. ತಮ್ಮ ಒಪ್ಪಿದ. ಮನಸ್ಸಿನಿಂದಲೋ ಉಮ್ಮನಿಗಾಗಿಯೋ.

ಬೀಡಿಯ ಹಣವೇ ಮೇಲೆಂದು ಉಮ್ಮನಿಗೆ ಈಗ ಅನಿಸಿದೆಯೇ? ಕೇಳಲಿಲ್ಲ.

ನವೆಂಬರ್ 20, ಗುರುವಾರ

ಎಡಗಣ್ಣು ಆಯಿತು. ಡ್ರಾಪ್ಸ್ ದಿನಕ್ಕೆ ನಾಲ್ಕು ಸಲ. ಸುಜೂದಿಗೆ ತಲೆ ಬಗ್ಗಿಸಬಾರದು, ಕೂತೇ ನಮಾಜು ಮಾಡಿ ಎಂದಿದ್ದಾರೆ ಡಾಕ್ಟರು. ಉಮ್ಮನಿಗೆ ಅದೇ ದೊಡ್ಡ ಸಂಕಟ.

ತಮ್ಮ ಗೆಳೆಯನ ಕಾರು ತಂದಿದ್ದ. ಉಮ್ಮ ಪೆಟ್ರೋಲಿಗೆ ನೋಟು ಚಾಚಿದರು. "ಇದು ಸಂಬಳದ್ದೇ" ಎಂದು ತೆಗೆದುಕೊಳ್ಳಲಿಲ್ಲ. ನಂಬಬೇಕು. ಕಾಯ್ದೆ ಬಂದ ಮೇಲೂ ಹೊರದೇಶದ ಆ್ಯಪುಗಳು ಟೆಲಿಗ್ರಾಮಿನಲ್ಲಿ ಸಿಗುತ್ತವೆ ಎಂದು ನನ್ನ ವಿದ್ಯಾರ್ಥಿಗಳೇ ಹೇಳುತ್ತಾರೆ.

ಡಿಸೆಂಬರ್ ಐದಕ್ಕೆ ಮೊದಲ ಕಂತು. ಯಾರಿಗೆಂದು ನಿಶ್ಚಯವಾಗಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವ ಬಡವರಿಗೆ ಎಂದು ನನ್ನ ಮನಸ್ಸಿನಲ್ಲಿತ್ತು. ಹಿಂದಿನ ಬೆಂಚಿನ ಹುಡುಗನ ಅಣ್ಣನ ಕಥೆಯನ್ನು ಹೆಸರು, ಊರು ಹೇಳದೆ ತಮ್ಮನಿಗೆ ಹೇಳಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಕೇಳಿದ: "ಆ ಬೇಕರಿ ಹುಡುಗನಿಗೆ ಕೊಟ್ಟರೆ ಆಗ್ತದಾ? ಅವನದ್ದೂ ಅದರಲ್ಲಿ ಇರಬಹುದಲ್ಲ."

ಮುಸ್ಲಿಮೇತರನಿಗೆ ಕೊಡಬಹುದೇ, ಸಾಲ ತೀರಿಸಲು ಕೊಟ್ಟರೆ ಬಡ್ಡಿಯವರ ಪಾಲಾಗುವುದಿಲ್ಲವೇ. ಉಸ್ತಾದರನ್ನು ಕೇಳಬೇಕು. ಆದರೆ ತಮ್ಮ ಹೇಳಿದ್ದೇ ಸರಿ ಅಂತ ನನಗೆ ಕಾಣುತ್ತಿದೆ.